ವರ್ಚುವಲ್ ಅಸಿಸ್ಟೆಂಟ್ ಆಗಲು ಧೈರ್ಯ ಕೂಡಿಸಿಕೊಳ್ಳುವ ಬಗೆ: ಮೈಸೂರು, ಮಂಡ್ಯದವರಿಗೊಂದು ಸಮಗ್ರ ಮಾರ್ಗದರ್ಶಿ

ಮೈಸೂರಿನ ಕುವೆಂಪುನಗರದಲ್ಲೋ ಮಂಡ್ಯದ ಸುಭಾಷ್ ನಗರದಲ್ಲೋ ಮನೆಯಲ್ಲೇ ಕುಳಿತು, ಬೆಂಗಳೂರಿನ ವೈದ್ಯರೊಬ್ಬರ ಭೇಟಿಯ ವೇಳಾಪಟ್ಟಿಯನ್ನೋ ಲಂಡನ್ನಿನ ಸಲಹೆಗಾರರೊಬ್ಬರ ಇಮೇಲ್‌ಗಳನ್ನೋ ನೋಡಿಕೊಳ್ಳುವವರನ್ನು ವರ್ಚುವಲ್ ಅಸಿಸ್ಟೆಂಟ್ ಎನ್ನುತ್ತಾರೆ. ಕಚೇರಿಯಲ್ಲಿ ಆಪ್ತ ಸಹಾಯಕರು ಮತ್ತು ಗುಮಾಸ್ತರು ಮಾಡುತ್ತ ಬಂದ ಕೆಲಸಗಳೇ ಇಲ್ಲಿಯೂ ಇವೆ. ಪತ್ರಗಳಿಗೆ ಉತ್ತರಿಸುವುದು, ಸಭೆಗಳಿಗೆ ಸಮಯ ಗೊತ್ತುಮಾಡುವುದು, ಬಿಲ್ ಕಳುಹಿಸಿ ಬಾಕಿ ನೆನಪಿಸುವುದು, ಪ್ರಯಾಣದ ಟಿಕೆಟ್ ಕಾಯ್ದಿರಿಸುವುದು, ಎಕ್ಸೆಲ್ ಹಾಳೆಯಲ್ಲಿ ಮಾಹಿತಿ ತುಂಬಿ ಒಪ್ಪ ಮಾಡುವುದು, ಸಾಮಾಜಿಕ ಜಾಲತಾಣದ ಪೋಸ್ಟ್‌ಗಳನ್ನು ಸಮಯಕ್ಕೆ ಸರಿಯಾಗಿ ಹಾಕುವುದು ಇವೆಲ್ಲ ದೂರದಿಂದಲೇ ನಡೆಯುತ್ತವೆ ಎಂಬುದಷ್ಟೇ ವ್ಯತ್ಯಾಸ.

ಇದಕ್ಕೆ ಬೇಕಾದ ವಿದ್ಯೆ ನಮ್ಮ ಎರಡೂ ಜಿಲ್ಲೆಗಳಲ್ಲಿ ಧಾರಾಳವಾಗಿದೆ. ಬಿ.ಕಾಂ. ಮುಗಿಸಿ ಮನೆಯಲ್ಲಿರುವವರು, ಮಕ್ಕಳು ಚಿಕ್ಕವರಿದ್ದಾಗ ನೌಕರಿ ಬಿಟ್ಟು ಮತ್ತೆ ಹೊರಗೆ ಹೋಗಲಾಗದವರು, ಮುಕ್ತಗಂಗೋತ್ರಿಯ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದಲ್ಲಿ ಓದುತ್ತಲೇ ಸಂಪಾದನೆ ಹುಡುಕುತ್ತಿರುವವರು ಎಲ್ಲರೂ ಇದನ್ನು ಕಲಿಯಬಲ್ಲರು. ಅವರನ್ನು ತಡೆದು ನಿಲ್ಲಿಸುವುದು ಅಳುಕು. ನನ್ನ ಇಂಗ್ಲಿಷ್ ಸಾಲದು, ನನಗೆ ಅನುಭವವಿಲ್ಲ, ನನ್ನನ್ನು ನಂಬಿ ಕೆಲಸ ಕೊಡುವವರು ಯಾರು ಎಂಬ ಮಾತುಗಳನ್ನು ಮತ್ತೆ ಮತ್ತೆ ಕೇಳಬೇಕಾಗುತ್ತದೆ. ಧೈರ್ಯ ಬಂದ ಮೇಲೆ ಶುರುಮಾಡೋಣವೆಂದು ಕಾಯುವವರಿಗೆ ಆ ದಿನ ಬರುವುದು ಅಪರೂಪ, ಏಕೆಂದರೆ ಈ ಧೈರ್ಯವು ಸಣ್ಣದಾದರೂ ಪೂರ್ತಿ ಮುಗಿಸಿದ ಕೆಲಸದಿಂದಲೇ ಹುಟ್ಟುವಂಥದ್ದು.

ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರಾ ಅವರು 1977ರಲ್ಲಿ ಮಂಡಿಸಿದ ಸಿದ್ಧಾಂತವೂ ಇದನ್ನೇ ಹೇಳುತ್ತದೆ. ಒಂದು ಕೆಲಸವನ್ನು ಮಾಡಬಲ್ಲೆನೆಂಬ ನಂಬಿಕೆಗೆ ಅವರು ನಾಲ್ಕು ಮೂಲಗಳನ್ನು ಗುರುತಿಸಿದರು: ಸ್ವತಃ ಮಾಡಿ ಗೆದ್ದ ಅನುಭವ, ನಮ್ಮಂಥವರೇ ಮಾಡುವುದನ್ನು ಕಂಡದ್ದು, ಬಲ್ಲವರ ಪ್ರೋತ್ಸಾಹದ ಮಾತು, ಮತ್ತು ಎದೆ ಹೊಡೆದುಕೊಳ್ಳುವಂಥ ದೇಹದ ಸೂಚನೆಗಳನ್ನು ನಾವು ಅರ್ಥ ಮಾಡಿಕೊಳ್ಳುವ ರೀತಿ. ಇವುಗಳಲ್ಲಿ ಮೊದಲನೆಯದೇ ಎಲ್ಲಕ್ಕಿಂತ ಬಲವಾದದ್ದು. ಆದ್ದರಿಂದ ಮುಂದಿನ ಹೆಜ್ಜೆಗಳಲ್ಲಿ ಹೆಚ್ಚಿನವು ಚಿಕ್ಕ ಕೆಲಸವೊಂದನ್ನು ಕೊನೆ ಮುಟ್ಟಿಸಿ, ಅದಕ್ಕೆ ಪುರಾವೆ ಇಟ್ಟುಕೊಳ್ಳುವ ಕ್ರಮವನ್ನೇ ಅನುಸರಿಸುತ್ತವೆ.

ಹೆಜ್ಜೆ 1: ಅಳುಕನ್ನು ಬಿಡಿಸಿ ಬರೆಯಿರಿ, ಮಾಡಿದ ಕೆಲಸವನ್ನು ಲೆಕ್ಕಕ್ಕೆ ತನ್ನಿ

"ನನ್ನಿಂದಾಗದು" ಎಂಬುದು ಒಂದೇ ಭಯದಂತೆ ಕಂಡರೂ ಅದರೊಳಗೆ ಹಲವು ಭಯಗಳು ಸೇರಿಕೊಂಡಿರುತ್ತವೆ. ಇಂಗ್ಲಿಷಿನಲ್ಲಿ ಫೋನ್ ಬಂದರೆ ತಡವರಿಸುವ ಭಯ, ಗೊತ್ತಿಲ್ಲದ ತಂತ್ರಾಂಶ ಎದುರಾಗುವ ಭಯ, ತಪ್ಪಾದರೆ ಬೈಸಿಕೊಳ್ಳುವ ಭಯ, ದುಡಿದ ಹಣ ಕೈಗೆ ಬಾರದಿರುವ ಭಯ, ಮನೆಯವರು ಇದನ್ನು ಕೆಲಸವೆಂದೇ ಒಪ್ಪದಿರುವ ಭಯ. ಪ್ರತಿಯೊಂದನ್ನೂ ಬೇರೆ ಸಾಲಿನಲ್ಲಿ ಬರೆದು, ಅದರ ಎದುರಿಗೆ ಒಂದು ವಾರದೊಳಗೆ ಮಾಡಿ ನೋಡಬಹುದಾದ ಒಂದು ಪರೀಕ್ಷೆಯನ್ನು ಬರೆಯಿರಿ. ಫೋನಿನ ಭಯವಿದ್ದರೆ ಯಾವುದಾದರೂ ಬ್ಯಾಂಕಿನ ಗ್ರಾಹಕ ಸೇವಾ ಸಂಖ್ಯೆಗೆ ಕರೆ ಮಾಡಿ, ಇಂಗ್ಲಿಷ್ ಆಯ್ದುಕೊಂಡು, ಒಂದು ಸರಳ ಪ್ರಶ್ನೆ ಕೇಳಿ ಉತ್ತರ ಬರೆದುಕೊಳ್ಳುವುದೇ ಆ ವಾರದ ಪರೀಕ್ಷೆಯಾಗಬಹುದು.

ನಂತರ ಇನ್ನೊಂದು ಹಾಳೆಯಲ್ಲಿ ಇದುವರೆಗೆ ನೀವು ಮಾಡಿದ ಕೆಲಸಗಳನ್ನು ಬರೆಯಿರಿ. ಇಲ್ಲಿ ಸಂಕೋಚ ಬೇಡ. ಮದ್ದೂರಿನ ಹಳ್ಳಿಯೊಂದರ ಸ್ತ್ರೀಶಕ್ತಿ ಸಂಘದಲ್ಲಿ ನಡಾವಳಿ ಪುಸ್ತಕ ಬರೆದು, ವಾರದ ಉಳಿತಾಯ ಮತ್ತು ಸಾಲದ ಕಂತುಗಳ ಲೆಕ್ಕ ಇಟ್ಟವರು ದಾಖಲೆ ನಿರ್ವಹಣೆಯ ಅನುಭವ ಉಳ್ಳವರೇ. ತಂದೆಯ ಅಂಗಡಿಗೆ ಟ್ಯಾಲಿಯಲ್ಲಿ ಬಿಲ್ ಹಾಕಿದವರು, ಮನೆಯ ಮದುವೆಯಲ್ಲಿ ನೂರಾರು ಅತಿಥಿಗಳ ಪಟ್ಟಿ, ಛತ್ರದ ಕೊಠಡಿ ಮತ್ತು ವಾಹನಗಳನ್ನು ಹೊಂದಿಸಿದವರು, ಶಾಲೆಯ ಹಾಜರಾತಿ ಗಣಕೀಕರಿಸಿದವರು ಈ ವೃತ್ತಿಯ ಅರ್ಧವನ್ನು ಆಗಲೇ ಕಲಿತಿದ್ದಾರೆ. "ಅಂಗಡಿಯಲ್ಲಿ ಸಹಾಯ ಮಾಡಿದೆ" ಎಂದು ಬರೆದರೆ ಓದಿದವರಿಗೆ ಏನೂ ತಿಳಿಯುವುದಿಲ್ಲ. ಎಷ್ಟು ಕಾಲ, ಯಾವ ತಂತ್ರಾಂಶದಲ್ಲಿ, ದಿನಕ್ಕೆ ಸುಮಾರು ಎಷ್ಟು ಬಿಲ್‌ಗಳು ಎಂಬುದನ್ನು ಬರೆಯಿರಿ. ಮುಂದೆ ಪ್ರೊಫೈಲ್ ಬರೆಯುವಾಗ ಇದೇ ಹಾಳೆ ನಿಮ್ಮ ಆಧಾರವಾಗುತ್ತದೆ.

ಹೆಜ್ಜೆ 2: ಮೂರು ಕೆಲಸಗಳನ್ನು ಮಾತ್ರ ಆರಿಸಿ

ಎಲ್ಲವನ್ನೂ ಮಾಡುತ್ತೇನೆ ಎನ್ನುವವರ ಮಾತು ಗ್ರಾಹಕರಿಗೆ ಭರವಸೆ ತರುವುದಿಲ್ಲ, ಹೇಳುವವರಿಗೂ ಒಳಗೊಳಗೆ ದಿಗಿಲು. ಇಮೇಲ್ ಮತ್ತು ಕ್ಯಾಲೆಂಡರ್ ನಿರ್ವಹಣೆಯನ್ನು ಮೊದಲನೆಯದಾಗಿ, ಗೂಗಲ್ ಶೀಟ್ಸ್ ಅಥವಾ ಎಕ್ಸೆಲ್ ಅನ್ನು ಎರಡನೆಯದಾಗಿ ಇಟ್ಟುಕೊಳ್ಳಿ. ಇವೆರಡೂ ಎಲ್ಲ ಗ್ರಾಹಕರಿಗೂ ಬೇಕಾಗುತ್ತವೆ.

ಮೂರನೆಯದನ್ನು ನಿಮ್ಮ ಬಲಕ್ಕೆ ತಕ್ಕಂತೆ ಆರಿಸಬೇಕು. ಕನ್ನಡವನ್ನು ಚೆನ್ನಾಗಿ ಬರೆಯಬಲ್ಲವರು ಅದನ್ನೇ ಆರಿಸಲಿ ಎಂಬುದು ನನ್ನ ಸಲಹೆ. ಹಳೆಯ ನುಡಿ ಅಥವಾ ಬರಹ ಫಾಂಟ್‌ಗಳಲ್ಲಿ ಸಿದ್ಧವಾದ ಕಡತಗಳನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣಿಸುತ್ತವೆ. ಅವನ್ನು ಎಲ್ಲ ಕಂಪ್ಯೂಟರುಗಳಲ್ಲೂ ಸರಿಯಾಗಿ ಕಾಣುವ ಯೂನಿಕೋಡ್‌ಗೆ ಪರಿವರ್ತಿಸಿ, ಪರಿವರ್ತನೆಯಲ್ಲಿ ಕೆಟ್ಟ ಒತ್ತಕ್ಷರ ಮತ್ತು ಅರ್ಕಾವತ್ತುಗಳನ್ನು ಕಣ್ಣಿಟ್ಟು ತಿದ್ದಿಕೊಡುವುದು ಪ್ರಕಾಶಕರು, ಸಂಘಸಂಸ್ಥೆಗಳು, ಶಾಲೆಗಳು ಹಣ ಕೊಟ್ಟು ಮಾಡಿಸಬೇಕಾದ ಕೆಲಸ. ಕನ್ನಡ ಬಾರದ ವ್ಯಾಪಾರಿಗೆ ಕನ್ನಡದ ಗ್ರಾಹಕರೊಡನೆ ವಾಟ್ಸ್‌ಆ್ಯಪ್‌ನಲ್ಲಿ ವ್ಯವಹರಿಸಿಕೊಡುವುದೂ ಹಾಗೆಯೇ. ಹೊರದೇಶದ ಸ್ಪರ್ಧಿಗಳಿಗೆ ಎಟುಕದ ಕೌಶಲ ನಿಮ್ಮಲ್ಲಿದೆಯೆಂಬುದು ಧೈರ್ಯಕ್ಕೆ ಸಣ್ಣ ಆಸರೆಯಲ್ಲ. ಚಿತ್ರಗಳಲ್ಲಿ ಆಸಕ್ತಿ ಇರುವವರು ಕ್ಯಾನ್ವಾದಲ್ಲಿ ಪೋಸ್ಟರ್ ಮಾಡುವುದನ್ನು, ಲೆಕ್ಕದಲ್ಲಿ ಪಳಗಿದವರು ಬಿಲ್ ಮತ್ತು ಬಾಕಿ ವಸೂಲಿಯನ್ನು ಆರಿಸಿಕೊಳ್ಳಬಹುದು.

ಹೆಜ್ಜೆ 3: ಗ್ರಾಹಕರು ಸಿಗುವ ಮುನ್ನವೇ ಕೆಲಸ ಮಾಡಿ ತೋರಿಸಿ

ಈ ಹೆಜ್ಜೆಗೆ ಎರಡು ಮೂರು ವಾರ ಕೊಡಿ. ನನ್ನ ಅನಿಸಿಕೆಯಲ್ಲಿ ಇಡೀ ದಾರಿಯಲ್ಲಿ ಧೈರ್ಯ ನಿಜವಾಗಿ ಬೆಳೆಯುವ ಜಾಗ ಇದೇ.

ಮೊದಲು ನಿಮ್ಮದೇ ಜಿಮೇಲ್ ಖಾತೆಯನ್ನು ಎತ್ತಿಕೊಳ್ಳಿ. ಓದದೆ ಬಿದ್ದಿರುವ ಸಾವಿರಾರು ಪತ್ರಗಳಿಗೆ ಲೇಬಲ್ ಮತ್ತು ಫಿಲ್ಟರ್‌ಗಳನ್ನು ಹಾಕಿ, ಬ್ಯಾಂಕಿನವು, ಬಿಲ್‌ಗಳು, ಜಾಹೀರಾತುಗಳು ತಾವಾಗಿಯೇ ಬೇರೆಯಾಗುವಂತೆ ಮಾಡಿ. ಮುಗಿಸುವ ಮೊದಲಿನ ಮತ್ತು ನಂತರದ ತೆರೆಯ ಚಿತ್ರಗಳನ್ನು ಖಾಸಗಿ ವಿವರ ಮರೆಮಾಡಿ ಉಳಿಸಿಕೊಳ್ಳಿ. ಎರಡನೆಯದಾಗಿ, ಶ್ರೀರಂಗಪಟ್ಟಣದ ಕಾಲ್ಪನಿಕ ಹೋಂಸ್ಟೇ ಒಂದಕ್ಕೆ ದಸರಾ ತಿಂಗಳಿನ ಬುಕಿಂಗ್ ಹಾಳೆ ತಯಾರಿಸಿ. ಕೊಠಡಿ, ಅತಿಥಿಯ ಹೆಸರು, ಬರುವ ಮತ್ತು ಹೊರಡುವ ದಿನ, ಅಡ್ವಾನ್ಸ್, ಬಾಕಿ ಎಂಬ ಕಾಲಂಗಳಿರಲಿ. ಒಂದೇ ಕೊಠಡಿಗೆ ಒಂದೇ ದಿನ ಇಬ್ಬರ ಹೆಸರು ಬಂದರೆ ಆ ಸಾಲು ಕೆಂಪಾಗುವಂತೆ ನಿಯಮ ಹಾಕಿ, ಒಟ್ಟು ಬಾಕಿಯನ್ನು, ಉದ್ದನೆಯ ಪಟ್ಟಿಯ ಸಾರಾಂಶ ತೋರಿಸುವ ಪಿವಟ್ ಟೇಬಲ್‌ನಲ್ಲಿ ತೋರಿಸಿ.

ಮೂರನೆಯ ಅಭ್ಯಾಸ ಒಂದು ಪ್ರಯಾಣ ಯೋಜನೆ. ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಸೋಮವಾರ ಬೆಳಿಗ್ಗೆ ಇಳಿಯುವ ಅತಿಥಿ ಮೈಸೂರು ನೋಡಿ, ಮೇಲುಕೋಟೆಗೂ ಹೋಗಿ, ಗುರುವಾರ ಹಿಂದಿರುಗಬೇಕು ಎಂದಿಟ್ಟುಕೊಳ್ಳಿ. ನಿಲ್ದಾಣದಿಂದ ನೇರವಾಗಿ ಮೈಸೂರಿಗೆ ಬರುವ ಕೆಎಸ್‌ಆರ್‌ಟಿಸಿಯ ಫ್ಲೈಬಸ್‌ನ ವೇಳೆ ಮತ್ತು ದರ, ಟ್ಯಾಕ್ಸಿಯಾದರೆ ತಗಲುವ ಖರ್ಚು, ಉಳಿಯಲು ಎರಡು ಆಯ್ಕೆ ಇವನ್ನೆಲ್ಲ ಒಂದೇ ಪುಟದಲ್ಲಿ ಬರೆಯಿರಿ. ಮೃಗಾಲಯಕ್ಕೆ ಮಂಗಳವಾರ ರಜೆ ಎಂಬುದನ್ನು ಗಮನಿಸಿ ಅದನ್ನು ಬುಧವಾರಕ್ಕೆ ಹಾಕಿದವರೂ, ಅರಮನೆಯ ವಾರದ ದೀಪಾಲಂಕಾರ ಭಾನುವಾರ ಸಂಜೆ ಇರುವುದರಿಂದ ಒಂದು ದಿನ ಮುಂಚೆ ಬಂದರೆ ಅದನ್ನೂ ನೋಡಬಹುದೆಂದು ಅಡಿಯಲ್ಲಿ ಸೂಚಿಸಿದವರೂ ಒಳ್ಳೆಯ ಸಹಾಯಕರ ಮುಖ್ಯ ಗುಣವನ್ನು ಆಗಲೇ ತೋರಿಸಿದ್ದಾರೆ, ಏಕೆಂದರೆ ಕೇಳದಿದ್ದರೂ ಬರಬಹುದಾದ ತೊಡಕನ್ನು ಮೊದಲೇ ಕಂಡು ಹೇಳುವುದಕ್ಕಾಗಿಯೇ ಜನ ಹಣ ಕೊಡುತ್ತಾರೆ.

ಈ ಮೂರನ್ನೂ ಗೂಗಲ್ ಡ್ರೈವ್‌ನ ಒಂದು ಫೋಲ್ಡರ್‌ನಲ್ಲಿಟ್ಟು, ಇವು ಮಾದರಿಗಾಗಿ ಮಾಡಿದವು ಎಂದು ಪ್ರಾಮಾಣಿಕವಾಗಿ ಬರೆಯಿರಿ. ಅನುಭವವೇನಿದೆ ಎಂದು ಯಾರಾದರೂ ಕೇಳಿದಾಗ ಆ ಫೋಲ್ಡರ್‌ನ ಕೊಂಡಿಯನ್ನು ಕಳುಹಿಸಬಹುದು. ಇದೇ ವೃತ್ತಿಯಲ್ಲಿರುವ ನಿಮ್ಮ ಊರಿನವರು ಯಾರಾದರೂ ಇದ್ದರೆ ಅದನ್ನು ಅವರಿಗೆ ತೋರಿಸಿ ಅಭಿಪ್ರಾಯ ಕೇಳಿ.

ಹೆಜ್ಜೆ 4: ಇಂಗ್ಲಿಷಿನ ಭಯವನ್ನು ಎದುರಿಸುವುದು

ಈ ಕೆಲಸದ ಬಹುಪಾಲು ಬರವಣಿಗೆಯಲ್ಲಿ ನಡೆಯುತ್ತದೆ. ಸೊಗಸಾದ ಇಂಗ್ಲಿಷ್ ಯಾರಿಗೂ ಬೇಕಿಲ್ಲ, ತಪ್ಪು ತಿಳಿವಳಿಕೆಗೆ ಎಡೆಯಿಲ್ಲದ ಚಿಕ್ಕ ವಾಕ್ಯಗಳು ಬೇಕು. ಪ್ರತಿದಿನದ ವರದಿಗೆ ನಾಲ್ಕು ಸಾಲು ಸಾಕು: ಇಂದು ಏನು ಮುಗಿಯಿತು, ಏನು ಉಳಿಯಿತು, ನಿಮ್ಮಿಂದ ನನಗೆ ಯಾವ ಉತ್ತರ ಬೇಕು, ಮುಂದಿನದು ಯಾವಾಗ ಸಿಗುತ್ತದೆ. ಒಂದು ತಿಂಗಳು ದಿನಕ್ಕೊಂದು ಇಂಥ ವರದಿಯನ್ನು ನಿಮಗೆ ನೀವೇ ಇಂಗ್ಲಿಷಿನಲ್ಲಿ ಬರೆದುಕೊಂಡರೆ, ಕೆಲಸಕ್ಕೆ ಬೇಕಾದ ವಾಕ್ಯಗಳಲ್ಲಿ ಹೆಚ್ಚಿನವು ಕೈಗೆ ಹತ್ತುತ್ತವೆ.

ಮಾತಿನ ವಿಚಾರದಲ್ಲಿ ಉಚ್ಚಾರಣೆಗಿಂತ ದೊಡ್ಡ ತೊಡಕು ಬೇರೊಂದಿದೆ. ಹಿರಿಯರು ಹೇಳಿದ್ದು ಪೂರ್ತಿ ಅರ್ಥವಾಗದಿದ್ದರೂ "ಆಯ್ತು ಸರ್" ಎಂದು ತಲೆಯಾಡಿಸುವುದು ನಮ್ಮಲ್ಲಿ ವಿನಯದ ಲಕ್ಷಣ. ದೂರದ ಗ್ರಾಹಕರಿಗೆ ಅದು ಒಪ್ಪಿಗೆಯಾಗಿ ಕೇಳಿಸುತ್ತದೆ, ಕೆಲಸ ಬೇರೆಯಾಗಿ ಬಂದಾಗ ನಂಬಿಕೆಯೇ ಹೋಗುತ್ತದೆ. ಅದರ ಬದಲು ಕೇಳಿಸಿಕೊಂಡದ್ದನ್ನು ನಿಮ್ಮ ಮಾತಿನಲ್ಲಿ ತಿರುಗಿ ಹೇಳಿ, ಸರಿಯೇ ಎಂದು ಕೇಳಿ. ಕರೆ ಮುಗಿದ ಅರ್ಧ ಗಂಟೆಯೊಳಗೆ ಮಾತಾಡಿದ್ದರ ಸಾರಾಂಶವನ್ನು ಬರೆದು ಕಳುಹಿಸುತ್ತೇನೆಂದು ಮೊದಲೇ ತಿಳಿಸಿದರೆ, ಮಾತಿನಲ್ಲಿ ತಪ್ಪಿದ್ದನ್ನು ಬರವಣಿಗೆಯಲ್ಲಿ ಸರಿಪಡಿಸಿಕೊಳ್ಳುವ ಅವಕಾಶ ನಿಮ್ಮ ಕೈಯಲ್ಲೇ ಉಳಿಯುತ್ತದೆ. ವಿದೇಶಿ ಗ್ರಾಹಕರಲ್ಲಿ ಹೆಚ್ಚಿನವರು ತಮ್ಮನ್ನು ಹೆಸರು ಹಿಡಿದೇ ಕರೆಯಬೇಕೆಂದು ಬಯಸುತ್ತಾರೆ. ಅದನ್ನು ಅವಿಧೇಯತೆಯೆಂದು ಭಾವಿಸಿ ಹಿಂಜರಿಯಬೇಕಿಲ್ಲ.

ಕರೆಗೆ ಮುನ್ನ ಎದೆ ಹೊಡೆದುಕೊಳ್ಳುವುದು, ಬಾಯಿ ಒಣಗುವುದು ಸಹಜ. ದೇಹ ಎಚ್ಚರಗೊಂಡು ಸಿದ್ಧವಾಗುತ್ತಿರುವ ಲಕ್ಷಣಗಳಿವು, ಅಸಮರ್ಥತೆಯ ಪುರಾವೆಗಳಲ್ಲ. ಕೇಳಬೇಕಾದ ಮೂರು ಪ್ರಶ್ನೆಗಳನ್ನು ಹಾಳೆಯಲ್ಲಿ ಬರೆದು ಎದುರಿಗಿಟ್ಟುಕೊಂಡು, ಸ್ನೇಹಿತರೊಡನೆ ಗೂಗಲ್ ಮೀಟ್‌ನಲ್ಲಿ ಕೆಲವು ಬಾರಿ ಅಭ್ಯಾಸ ಮಾಡಿ, ನಿಮ್ಮ ಧ್ವನಿಯನ್ನು ದಾಖಲಿಸಿ ಕೇಳಿ. ಬಹುತೇಕರು ತಾವು ಅಂದುಕೊಂಡದ್ದಕ್ಕಿಂತ ವೇಗವಾಗಿ ಮಾತನಾಡುತ್ತಿರುತ್ತಾರೆ.

ಹೆಜ್ಜೆ 5: ಮೊದಲ ಗ್ರಾಹಕರು ಹತ್ತಿರದವರಾಗಿರಲಿ

ಕೆಲಸ ಹುಡುಕುವ ಅಂತರರಾಷ್ಟ್ರೀಯ ಆನ್‌ಲೈನ್ ವೇದಿಕೆಗಳಲ್ಲಿ ಮೊದಲ ದಿನವೇ ಅರ್ಜಿ ಹಾಕಿ, ಉತ್ತರ ಬಾರದೆ ಎದೆಗುಂದುವುದಕ್ಕಿಂತ, ನಿಮ್ಮ ಭಾಷೆಯಲ್ಲೇ ಮಾತನಾಡಬಹುದಾದ ಗ್ರಾಹಕರಿಂದ ಆರಂಭಿಸುವುದು ಮೇಲು. ಮೈಸೂರಿನ ಗೋಕುಲಂನಲ್ಲಿ ಅಷ್ಟಾಂಗ ಯೋಗ ಕಲಿಯಲು ಹಲವು ದೇಶಗಳಿಂದ ವಿದ್ಯಾರ್ಥಿಗಳು ಬರುತ್ತಾರೆ, ಅಲ್ಲಿನ ಶಾಲೆಗಳಿಗೂ ಬಾಡಿಗೆ ಮನೆಗಳ ಮಾಲೀಕರಿಗೂ ವಿಚಾರಣೆಯ ಪತ್ರಗಳು, ನೋಂದಣಿ, ವಸತಿ ಹೊಂದಿಸುವ ಕೆಲಸಗಳಿರುತ್ತವೆ. ಮಂಡ್ಯದಲ್ಲಿ ಸಾವಯವ ಬೆಲ್ಲವನ್ನು ನೇರವಾಗಿ ಗ್ರಾಹಕರಿಗೆ ಮಾರುವ ಆಲೆಮನೆಯವರಿಗೆ ಆರ್ಡರ್ ಪಟ್ಟಿ ಮತ್ತು ಕೊರಿಯರ್ ವಿವರ ನೋಡಿಕೊಳ್ಳುವವರು ಬೇಕು. ಖಾಸಗಿ ಕ್ಲಿನಿಕ್‌ಗಳು, ಕೋಚಿಂಗ್ ಕೇಂದ್ರಗಳು, ಆದಾಯ ತೆರಿಗೆ ವಿವರ ಸಲ್ಲಿಸುವ ಕಾಲದಲ್ಲಿ ಲೆಕ್ಕಪರಿಶೋಧಕರ ಕಚೇರಿಗಳು ಇವೆಲ್ಲವೂ ವಿಚಾರಿಸಬಹುದಾದ ಸ್ಥಳಗಳು.

ಕೆಲಸ ಕೊಡಿ ಎಂದು ಕೇಳುವುದು ಕಷ್ಟ, ಆದರೆ ಅವರ ಒಂದು ತೊಂದರೆಯನ್ನು ಗುರುತಿಸಿ ಪರಿಹಾರದ ಮಾದರಿಯೊಡನೆ ಹೋಗುವುದು ಅಷ್ಟು ಕಷ್ಟವಲ್ಲ. ಹೋಂಸ್ಟೇ ಮಾಲೀಕರಿಗೆ ಈ ರೀತಿ ಬರೆಯಬಹುದು:

"ನಮಸ್ಕಾರ ಸರ್. ನಾನು ಮಂಡ್ಯದವಳು, ಕಚೇರಿ ಕೆಲಸಗಳನ್ನು ಮನೆಯಿಂದಲೇ ಮಾಡಿಕೊಡುತ್ತೇನೆ. ತಮ್ಮ ಹೋಂಸ್ಟೇ ಬಗ್ಗೆ ಗೂಗಲ್‌ನಲ್ಲಿ ಅತಿಥಿಗಳು ಬರೆದಿರುವ ಕೆಲವು ವಿಮರ್ಶೆಗಳಿಗೆ ಇನ್ನೂ ಉತ್ತರ ಹೋಗಿಲ್ಲ. ಅವಕ್ಕೆ ಕನ್ನಡ ಮತ್ತು ಇಂಗ್ಲಿಷಿನಲ್ಲಿ ಉತ್ತರದ ಕರಡು ಮಾಡಿದ್ದೇನೆ, ಇದರೊಂದಿಗೆ ಕಳುಹಿಸಿದ್ದೇನೆ. ದಸರಾ ಮುಗಿಯುವ ತನಕ ದಿನಕ್ಕೆ ಒಂದು ಗಂಟೆಯಂತೆ ಉತ್ತರಗಳನ್ನೂ ಬುಕಿಂಗ್ ಪಟ್ಟಿಯನ್ನೂ ನೋಡಿಕೊಳ್ಳಬಲ್ಲೆ. ತಮಗೆ ಬಿಡುವಾದಾಗ ತಿಳಿಸಿದರೆ ಹತ್ತು ನಿಮಿಷ ಮಾತನಾಡುತ್ತೇನೆ."

ಹಲವರು ಉತ್ತರಿಸುವುದಿಲ್ಲ. ಐದಾರು ದಿನ ಬಿಟ್ಟು ಒಮ್ಮೆ ವಿನಯದಿಂದ ನೆನಪಿಸಿ, ಬಳಿಕ ಮುಂದಿನವರ ಕಡೆಗೆ ಹೋಗಿ. ಅವರ ಮೌನ ನಿಮ್ಮ ಯೋಗ್ಯತೆಯ ತೀರ್ಪಲ್ಲ, ಆ ವಾರ ಅವರಿಗೆ ಅಗತ್ಯವಿರಲಿಲ್ಲ ಎಂಬುದಷ್ಟೇ ಅದರಿಂದ ತಿಳಿಯುವ ಸಂಗತಿ.

ಮೊದಲ ಕೆಲಸಕ್ಕೂ ಹಣ ಪಡೆಯಬೇಕೆಂದು ನಾನು ಒತ್ತಿ ಹೇಳುತ್ತೇನೆ. ಸಣ್ಣ ಮೊತ್ತವಾದರೂ ಹಣ ಕೊಟ್ಟವರು ಕೆಲಸವನ್ನು ಗಂಭೀರವಾಗಿ ನೋಡುತ್ತಾರೆ, ಪಡೆದವರಿಗೂ ತಾನು ವೃತ್ತಿಯಲ್ಲಿದ್ದೇನೆ ಎನಿಸುತ್ತದೆ. ದರ ಕಟ್ಟಲು ಒಂದು ಸರಳ ಲೆಕ್ಕವಿದೆ. ತಿಂಗಳಿಗೆ 20,000 ರೂಪಾಯಿ ಬೇಕು, ಬಿಲ್ ಮಾಡಬಹುದಾದ ಸಮಯ 80 ಗಂಟೆ ಎಂದಾದರೆ ಗಂಟೆಗೆ 250 ರೂಪಾಯಿ. ಗ್ರಾಹಕರನ್ನು ಹುಡುಕುವ, ಕಲಿಯುವ, ಲೆಕ್ಕ ಬರೆಯುವ ಹೊತ್ತಿಗೆ ಯಾರೂ ಹಣ ಕೊಡುವುದಿಲ್ಲವಾದ್ದರಿಂದ ಕುಳಿತ ಗಂಟೆಗಳನ್ನೆಲ್ಲ ಈ ಲೆಕ್ಕಕ್ಕೆ ಸೇರಿಸಬಾರದು. ಕೆಲಸ ಮುಗಿದ ದಿನವೇ ಎರಡು ಸಾಲಿನ ಅಭಿಪ್ರಾಯವನ್ನು ಬರೆದುಕೊಡುವಂತೆ ಕೇಳಿ, ಅದನ್ನು ಪ್ರಕಟಿಸಲು ಅನುಮತಿಯನ್ನೂ ಪಡೆಯಿರಿ.

ಹೆಜ್ಜೆ 6: ಮನೆ, ಕರೆಂಟು, ಗಡಿಯಾರ

ಕೆಲಸದ ನಡುವೆ ಕರೆಂಟು ಹೋದರೇನು ಗತಿ ಎಂಬ ಚಿಂತೆಗೆ ಉತ್ತರ ಸಿದ್ಧತೆಯಲ್ಲಿದೆ. ನಿರ್ವಹಣೆಗಾಗಿ ವಿದ್ಯುತ್ ನಿಲ್ಲಿಸುವ ದಿನಗಳನ್ನು ನಮ್ಮ ಭಾಗದ ವಿದ್ಯುತ್ ಸರಬರಾಜು ನಿಗಮವಾದ ಸೆಸ್ಕ್, ಪತ್ರಿಕೆಗಳ "ವಿದ್ಯುತ್ ವ್ಯತ್ಯಯ" ಪ್ರಕಟಣೆಯಲ್ಲಿ ಬಡಾವಣೆ ಮತ್ತು ಹಳ್ಳಿಗಳ ಹೆಸರಿನೊಡನೆ ತಿಳಿಸುತ್ತದೆ, ಅದನ್ನು ಓದುವ ರೂಢಿ ಮಾಡಿಕೊಳ್ಳಿ. ರೌಟರ್‌ಗೆ ಒಂದು ಚಿಕ್ಕ ಯುಪಿಎಸ್, ಬೇರೆ ಕಂಪನಿಯ ಇನ್ನೊಂದು ಸಿಮ್, ಮೈಕ್ ಇರುವ ಹೆಡ್‌ಫೋನ್ ಇದ್ದರೆ ಹೆಚ್ಚಿನ ಅಡಚಣೆಗಳು ನೀಗುತ್ತವೆ.

ಗಡಿಯಾರದ ಲೆಕ್ಕವನ್ನು ಬಾಯಿಪಾಠ ಮಾಡಿಕೊಳ್ಳುವುದು ಒಳ್ಳೆಯದು. ಲಂಡನ್ನಿನಲ್ಲಿ ಬೆಳಿಗ್ಗೆ 9 ಗಂಟೆಯಾದಾಗ ಇಲ್ಲಿ ಅವರ ಬೇಸಿಗೆಯಲ್ಲಿ ಮಧ್ಯಾಹ್ನ 1.30, ಚಳಿಗಾಲದಲ್ಲಿ 2.30. ನ್ಯೂಯಾರ್ಕಿನ ಬೆಳಿಗ್ಗೆ 9 ನಮಗೆ ಸಂಜೆ 6.30 ಅಥವಾ 7.30. ಅಮೆರಿಕದ ಬಹುಭಾಗದಲ್ಲಿ ಮಾರ್ಚ್ ತಿಂಗಳ ಎರಡನೇ ಭಾನುವಾರ ಮತ್ತು ನವೆಂಬರ್‌ನ ಮೊದಲ ಭಾನುವಾರ, ಬ್ರಿಟನ್ನಿನಲ್ಲಿ ಮಾರ್ಚ್ ಮತ್ತು ಅಕ್ಟೋಬರ್ ತಿಂಗಳ ಕೊನೆಯ ಭಾನುವಾರ ಗಡಿಯಾರ ಬದಲಾಗುತ್ತದೆ. ಆ ವಾರಗಳಲ್ಲಿ ಸಭೆಗಳ ಸಮಯವನ್ನು ಮರುಪರಿಶೀಲಿಸಿ ಗ್ರಾಹಕರಿಗೆ ನೀವೇ ನೆನಪಿಸಿದರೆ ಅವರು ನಿಮ್ಮನ್ನು ಮರೆಯುವುದಿಲ್ಲ. ರಾತ್ರಿ ಕೆಲಸ ಒಗ್ಗದವರಿಗೆ ಬ್ರಿಟನ್ನಿನ ಗ್ರಾಹಕರು ಹೆಚ್ಚು ಅನುಕೂಲ.

ಮನೆಯವರ ವಿಷಯ ಇನ್ನೂ ಸೂಕ್ಷ್ಮ. "ಮನೇಲೇ ಇದ್ದೀಯಲ್ಲಮ್ಮ, ಸ್ವಲ್ಪ ಇದನ್ನ ನೋಡ್ಕೋ" ಎಂಬ ಮಾತು ಪ್ರೀತಿಯಿಂದಲೇ ಬಂದರೂ ದಿನಕ್ಕೆ ನಾಲ್ಕು ಬಾರಿ ಬಂದರೆ ಕೆಲಸ ನಿಲ್ಲುತ್ತದೆ. ಅತ್ತೆಮಾವಂದಿರಿಗಾಗಲಿ ತಂದೆತಾಯಿಗಾಗಲಿ ಈ ಕೆಲಸ ಏನೆಂದು ಒಮ್ಮೆ ಕುಳಿತು ವಿವರಿಸಿ, ಮಾದರಿ ಫೋಲ್ಡರ್ ತೋರಿಸಿ, ಇಂತಿಷ್ಟು ಗಂಟೆಯಿಂದ ಇಂತಿಷ್ಟು ಗಂಟೆಯವರೆಗೆ ಕಚೇರಿ ಎಂದು ಹೇಳಿ. ಆರಂಭದಲ್ಲಿ ಎರಡೇ ಗಂಟೆ ಕೇಳಿದರೂ ಅದನ್ನು ತಪ್ಪದೆ ಪಾಲಿಸಿದರೆ ಮನೆಯವರು ಕ್ರಮೇಣ ಹೊಂದಿಕೊಳ್ಳುತ್ತಾರೆ. ಮೊದಲ ಸಂಪಾದನೆ ಖಾತೆಗೆ ಬಂದ ಮೇಲೆ ಈ ಮಾತುಕತೆ ಬಹಳ ಸುಲಭವಾಗುತ್ತದೆ.

ಹೆಜ್ಜೆ 7: ಹೊರಗಿನ ಗ್ರಾಹಕರ ಕಡೆಗೆ

ಎರಡು ಮೂರು ಸ್ಥಳೀಯ ಕೆಲಸಗಳು ಕೈಯಲ್ಲಿದ್ದ ಮೇಲೆ, ದೂರದ ಕೆಲಸಗಳನ್ನು ಹುಡುಕುವ ಜಾಲತಾಣಗಳಾದ ಲಿಂಕ್ಡ್‌ಇನ್, ಅಪ್‌ವರ್ಕ್, ಫೈವರ್‌ಗಳಲ್ಲಿ ಪ್ರೊಫೈಲ್ ತೆರೆಯಿರಿ. ಶ್ರಮಜೀವಿ, ಪ್ರಾಮಾಣಿಕ ಎಂಬ ವಿಶೇಷಣಗಳ ಬದಲು ಮೊದಲ ಎರಡು ಸಾಲಿನಲ್ಲೇ ಯಾರಿಗೆ ಏನು ಮಾಡಿಕೊಡುತ್ತೀರಿ ಎಂಬುದನ್ನು ಬರೆಯಿರಿ. ಪ್ರತಿ ಅರ್ಜಿಯಲ್ಲೂ ಆ ಗ್ರಾಹಕರ ಬೇಡಿಕೆಯನ್ನು ಓದಿರುವುದು ಕಾಣಬೇಕು. ಒಂದೇ ಪತ್ರವನ್ನು ಐವತ್ತು ಜನಕ್ಕೆ ಕಳುಹಿಸುವುದಕ್ಕಿಂತ ಐದು ಪತ್ರಗಳನ್ನು ಯೋಚಿಸಿ ಬರೆಯುವುದು ಫಲ ಕೊಡುತ್ತದೆ.

ಇಲ್ಲಿ ವಂಚಕರ ಬಗ್ಗೆ ಎಚ್ಚರ ಅತ್ಯಗತ್ಯ. ಮನೆಯಲ್ಲೇ ಕುಳಿತು ಟೈಪ್ ಮಾಡಿ ಎಂದು ಕರೆದು ನೋಂದಣಿ ಶುಲ್ಕ ಅಥವಾ ಠೇವಣಿ ಕೇಳುವವರು, ಕೆಲಸ ಒಪ್ಪಿಸಿದ ಮೇಲೆ ತಪ್ಪುಗಳು ಮಿತಿ ಮೀರಿವೆ, ದಂಡ ಕಟ್ಟದಿದ್ದರೆ ನ್ಯಾಯಾಲಯದ ನೋಟಿಸ್ ಬರುತ್ತದೆ ಎಂದು ಬೆದರಿಸುವವರು, ಟೆಲಿಗ್ರಾಂನಲ್ಲಿ ಲೈಕ್ ಒತ್ತಿದರೆ ಹಣವೆಂದು ಆಸೆ ತೋರಿಸಿ ಆಮೇಲೆ ಹಣ ಹೂಡಲು ಹೇಳುವವರು ಇದ್ದಾರೆ. ಅಪ್‌ವರ್ಕ್‌ನಂಥ ವೇದಿಕೆಯಲ್ಲಿ ಅರ್ಜಿ ಹಾಕಲು ಖರ್ಚಾಗುವ ಟೋಕನ್‌ಗಳಾದ ಕನೆಕ್ಟ್‌ಗಳು ಬೇರೆ, ಆದರೆ ಕೆಲಸ ಕೊಡುವವರೇ ನಿಮ್ಮಿಂದ ಹಣ ಕೇಳಿದರೆ ಅಲ್ಲಿಗೇ ಮಾತು ಮುಗಿಸಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ದೂರುಗಳಿಗಾಗಿ ಇರುವ 1930 ಸಹಾಯವಾಣಿಗೆ ಕರೆ ಮಾಡಿ ದೂರು ದಾಖಲಿಸಿ.

ಹೆಜ್ಜೆ 8: ಕರಾರು, ಗೋಪ್ಯತೆ, ಹಣ

ಕೆಲಸದ ವ್ಯಾಪ್ತಿ, ಗಂಟೆ, ದರ, ಹಣ ಪಾವತಿಯ ದಿನ, ನಿಲ್ಲಿಸಬೇಕಾದರೆ ಎಷ್ಟು ದಿನ ಮೊದಲು ತಿಳಿಸಬೇಕು ಎಂಬುದನ್ನು ಒಂದು ಪುಟದಲ್ಲಿ ಬರೆದು ಇಮೇಲ್ ಮೂಲಕ ಒಪ್ಪಿಗೆ ಪಡೆಯಿರಿ. ಹೊಸ ಗ್ರಾಹಕರಿಂದ ಅರ್ಧದಷ್ಟು ಮುಂಗಡ ಕೇಳುವುದು ತಪ್ಪಲ್ಲ. ಅವರ ಪಾಸ್‌ವರ್ಡ್‌ಗಳನ್ನು ವಾಟ್ಸ್‌ಆ್ಯಪ್‌ನಲ್ಲಿ ತರಿಸಿಕೊಳ್ಳಬೇಡಿ, ಪಾಸ್‌ವರ್ಡ್ ಮ್ಯಾನೇಜರ್ (ಪಾಸ್‌ವರ್ಡ್‌ಗಳನ್ನು ಭದ್ರವಾಗಿಡುವ ತಂತ್ರಾಂಶ) ಮೂಲಕ ಹಂಚಿಕೊಳ್ಳುವಂತೆ ಕೋರಿ. ಉತ್ತರದ ಕರಡಿಗೆ ಕೃತಕ ಬುದ್ಧಿಮತ್ತೆಯ ಸಾಧನಗಳನ್ನು ಬಳಸಬಹುದಾದರೂ ಗ್ರಾಹಕರ ಅನುಮತಿಯಿಲ್ಲದೆ ಅವರ ಖಾಸಗಿ ಮಾಹಿತಿಯನ್ನು ಅದರಲ್ಲಿ ಹಾಕಬಾರದು, ಬಂದ ಉತ್ತರವನ್ನು ಪರಿಶೀಲಿಸದೆ ಕಳುಹಿಸಲೂಬಾರದು.

ಸ್ಥಳೀಯರಿಂದ ಯುಪಿಐ ಅಥವಾ ಬ್ಯಾಂಕ್ ವರ್ಗಾವಣೆಯಲ್ಲಿ, ಹೊರದೇಶದವರಿಂದ ವೇದಿಕೆಯ ಮೂಲಕ ಅಥವಾ ಪಯೋನೀರ್‌ನಂಥ ಸೇವೆಯ ಮೂಲಕ ಹಣ ಪಡೆಯಬಹುದು. ವಿದೇಶದಿಂದ ಬಂದ ಪ್ರತಿ ಮೊತ್ತಕ್ಕೂ ದೊರೆಯುವ ಸ್ವೀಕೃತಿ ಪತ್ರವನ್ನು ಜೋಪಾನವಾಗಿಡಿ. ಸೇವೆಗಳಿಗೆ ಕರ್ನಾಟಕದಲ್ಲಿ ಜಿಎಸ್‌ಟಿ ನೋಂದಣಿಯ ಸಾಮಾನ್ಯ ಮಿತಿ ವಾರ್ಷಿಕ 20 ಲಕ್ಷ ರೂಪಾಯಿಯ ವಹಿವಾಟು. ಆದಾಯ ತೆರಿಗೆಯ ವಿವರ ಸಲ್ಲಿಕೆಗೆ ಊರಿನ ಲೆಕ್ಕಪರಿಶೋಧಕರೊಬ್ಬರನ್ನು ವರ್ಷಕ್ಕೊಮ್ಮೆ ಕಂಡರೆ ಆ ಚಿಂತೆಯೂ ಕಳೆಯುತ್ತದೆ.

ಹೆಜ್ಜೆ 9: ತಪ್ಪಾದಾಗ ಎದೆಗುಂದದೆ ನಿಲ್ಲುವುದು, ದರ ಏರಿಸುವುದು

ತಪ್ಪು ಎಲ್ಲರಿಂದಲೂ ಆಗುತ್ತದೆ. ಗ್ರಾಹಕರಿಗೆ ತಿಳಿಯುವ ಮುನ್ನ ನೀವೇ ತಿಳಿಸಿ. ಏನಾಯಿತು, ಅದರಿಂದ ಏನು ತೊಂದರೆಯಾಯಿತು, ಹೇಗೆ ಸರಿಪಡಿಸಿದೆ, ಮತ್ತೆ ಆಗದಂತೆ ಯಾವ ಕ್ರಮ ಇಟ್ಟಿದ್ದೇನೆ ಎಂಬ ನಾಲ್ಕು ವಾಕ್ಯಗಳು ದೀರ್ಘವಾದ ಕ್ಷಮಾಪಣೆಗಿಂತ ಹೆಚ್ಚು ಗೌರವ ತರುತ್ತವೆ.

ಪ್ರತಿ ಶನಿವಾರ ಮುಗಿಸಿದ ಕೆಲಸಗಳನ್ನು ಒಂದು ಪುಸ್ತಕದಲ್ಲಿ ದಿನಾಂಕದೊಡನೆ ಬರೆದಿಡಿ. ದರ ಏರಿಸುವ ಮಾತು ಬಂದಾಗ ಆ ಪುಸ್ತಕವೇ ಆಧಾರ. ಹೊಸ ದರವನ್ನು ಮೊದಲು ಹೊಸ ಗ್ರಾಹಕರಿಗೆ ಹೇಳಿ, ಇಬ್ಬರು ಒಪ್ಪಿದ ನಂತರ ಹಳೆಯ ಗ್ರಾಹಕರಿಗೆ ಒಂದು ತಿಂಗಳ ಮುಂಚೆ ಬರಹದಲ್ಲಿ ತಿಳಿಸಿ. ಆ ಪತ್ರದಲ್ಲಿ ಕಳೆದ ತಿಂಗಳುಗಳಲ್ಲಿ ಅವರಿಗಾಗಿ ಮಾಡಿದ ಕೆಲಸಗಳ ಪಟ್ಟಿ, ಹೊಸ ದರ, ಅದು ಜಾರಿಗೆ ಬರುವ ದಿನಾಂಕ ಇಷ್ಟಿರಲಿ. ಒಪ್ಪದವರಿಗೆ ಅದೇ ಹಣದಲ್ಲಿ ಕಡಿಮೆ ಗಂಟೆಗಳ ಕೆಲಸವನ್ನು ಬದಲಿಯಾಗಿ ಸೂಚಿಸಬಹುದು.